ಮಂಗಳೂರಿನಲ್ಲಿ ವ್ರತ ತೊಟ್ಟ ಅರಬಿ ಸನ್ಯಾಸಿನಿ

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಮಂಗಳೂರು ಕಡೆಯ ಕ್ರೈಸ್ತರು. ಅವರ ಮೇಜಿನ ಗಾಜಿನ ಕೆಳಗೆ ಒಂದು ಚಿಕ್ಕ ಚಿತ್ರವಿದೆ. ಕಂದು ಬಣ್ಣದ ನಿಲುವಂಗಿ, ಬಿಳಿಯ ಹೊದಿಕೆ, ದುಂಡು ಮುಖ, ದೊಡ್ಡ ಕಣ್ಣುಗಳ ಒಬ್ಬ ಸನ್ಯಾಸಿನಿ. ಎಷ್ಟೋ ದಿನ ನೋಡಿ ಒಂದು ದಿನ ಕೇಳಿಯೇಬಿಟ್ಟೆ, "ಯಾರು ಇವರು? ಗೋವೆಯವರೇ?" ಎಂದು. ಅವರು ನಕ್ಕು, "ಗೋವೆಯೂ ಅಲ್ಲ, ಪೋರ್ತುಗಲ್ಲೂ ಅಲ್ಲ ಮಾರಾಯ್ರೇ. ಅರಬಿ ಹೆಂಗಸು. ಆದರೆ ವ್ರತ ತೊಟ್ಟದ್ದು ನಮ್ಮ ಮಂಗಳೂರಿನಲ್ಲಿ" ಎಂದರು.

ನಾನು ದಕ್ಷಿಣ ಕನ್ನಡದವನು. ಮಂಗಳೂರೆಂದರೆ ಹಂಚು, ಬೀಡಿ, ಗೋಡಂಬಿ, ಬಾಸೆಲ್ ಮಿಶನ್ನಿನ ಅಚ್ಚುಕೂಟ, ಕಿಟ್ಟೆಲ್ ಸಾಹೇಬರ ನಿಘಂಟು ಎಂದು ಬಲ್ಲವನು. ಪೋಪರು 2015ರಲ್ಲಿ ಸಂತಳೆಂದು ಸಾರಿದ ಒಬ್ಬ ಅನುಭಾವಿ ಅದೇ ಊರಿನಲ್ಲಿ ಬದುಕಿ ಹೋದದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ಬಳಿಕ ಸಿಕ್ಕಿದ ಪುಸ್ತಕಗಳನ್ನು ಓದಿದೆ, ತಿಳಿದವರನ್ನು ಕೇಳಿದೆ. ನಾನು ಇತಿಹಾಸ ಪಂಡಿತನಲ್ಲ, ಬಿ.ಎಸ್‌ಸಿ. ಮಾಡಿ ಕೇಂದ್ರ ಸರಕಾರದ ಕಡತಗಳ ನಡುವೆ ಗುಮಾಸ್ತನಾಗಿರುವವನು. ಓದಿ ತಿಳಿದದ್ದನ್ನು ನಮ್ಮ ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದಷ್ಟೇ ಇಲ್ಲಿಯ ಉದ್ದೇಶ.

ಅನುಭಾವಿಗಳ ಪರಂಪರೆ

ಸನ್ಯಾಸಿನಿಯರಲ್ಲಿ ಅನುಭಾವಿಗಳ ಪರಂಪರೆ ಕ್ರೈಸ್ತರಲ್ಲಿ ಬಹಳ ಹಳೆಯದು. ಜರ್ಮನಿಯ ಹಿಲ್ಡೆಗಾರ್ಡ್ 1098ರಲ್ಲಿ ಹುಟ್ಟಿ 1179ರಲ್ಲಿ ತೀರಿಕೊಂಡರು. ಅಂದರೆ ನಮ್ಮ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಶತಮಾನದವರೇ. ಕಲ್ಯಾಣದಲ್ಲಿ ಶರಣರು ಅನುಭಾವದ ಮಾತು ಆಡುತ್ತಿದ್ದಾಗ ರೈನ್ ನದಿಯ ದಂಡೆಯಲ್ಲಿ ಈಕೆ ತಾನು ಕಂಡ ದರ್ಶನಗಳನ್ನು ಬರೆಸುತ್ತಿದ್ದರು, ಹಾಡು ಕಟ್ಟುತ್ತಿದ್ದರು, ಗಿಡಮೂಲಿಕೆಗಳ ಗುಣವನ್ನು ವಿವರಿಸುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಇಟಲಿಯ ಸಿಯೆನಾದ ಕ್ಯಾಥರೀನ್ ಬಂದರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಆವಿಲಾದಲ್ಲಿ ತೆರೇಸಾ (1515–1582) ಬಂದರು.

ತೆರೇಸಾ ಸೇರಿದ್ದು ಕಾರ್ಮೆಲ್ ಎಂಬ ಸಂಘವನ್ನು. ಇಂದಿನ ಇಸ್ರೇಲಿನ ಹೈಫಾ ಪಟ್ಟಣದ ಬಳಿ ಕಾರ್ಮೆಲ್ ಎಂಬ ಬೆಟ್ಟವಿದೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ತಪಸ್ವಿಗಳಿಗೆ ಒಂದು ಜೀವನನಿಯಮ ದೊರೆಯಿತು. ಅಲ್ಲಿಂದ ಹುಟ್ಟಿದ ಸಂಘ ಯುರೋಪಿಗೆ ಹರಡಿ, ಕಾಲಕ್ರಮದಲ್ಲಿ ಸಡಿಲವಾದಾಗ ಅದನ್ನು ತಿದ್ದಿದವರು ತೆರೇಸಾ. 1562ರಲ್ಲಿ ಆವಿಲಾದಲ್ಲಿ ಅವರು ತೆರೆದ ಚಿಕ್ಕ ಮಠವೇ ಮುಂದಿನ ಆವೃತ ಮಠಗಳಿಗೆಲ್ಲ ಮಾದರಿ. ಆವೃತ ಮಠವೆಂದರೆ ಒಳಗೆ ಹೋದವರು ಹೊರಗಿನ ಲೋಕಕ್ಕೆ ಬರದೆ ಮೌನ, ಪ್ರಾರ್ಥನೆ, ಕೈಕೆಲಸಗಳಲ್ಲಿ ಬಾಳು ಕಳೆಯುವ ಸ್ಥಳ.

ಇಂದು ಈ ಮೂವರು ಮಹಿಳೆಯರೂ ರೋಮಿನ ಸಭೆಯ ಆಚಾರ್ಯ ಪದವಿ ಪಡೆದವರು. ತೆರೇಸಾ ಮತ್ತು ಕ್ಯಾಥರೀನರಿಗೆ ಅದು ದೊರೆತದ್ದು 1970ರಲ್ಲಿ, ಹಿಲ್ಡೆಗಾರ್ಡರಿಗೆ 2012ರಲ್ಲಿ. ಆದರೆ ಬದುಕಿದ್ದಾಗ ತೆರೇಸಾರ ಆತ್ಮಕಥೆಯನ್ನು ಧರ್ಮವಿಚಾರಣೆಯ ಅಧಿಕಾರಿಗಳು ವಶಕ್ಕೆ ಪಡೆದು ಪರಿಶೀಲಿಸಿದ್ದರು. ದೇವರನ್ನು ಕಂಡೆ ಎನ್ನುವವರನ್ನು ಲೋಕ ಮೊದಲು ಅನುಮಾನದಿಂದಲೇ ನೋಡುತ್ತದೆ. ನಮ್ಮಲ್ಲಿಯೂ ಹಾಗೆಯೇ. ಉಡುತಡಿಯಿಂದ ಎಲ್ಲವನ್ನೂ ತೊರೆದು ಬಂದ ಅಕ್ಕನನ್ನು ಕಲ್ಯಾಣದಲ್ಲಿ ಅಲ್ಲಮಪ್ರಭು ಕಟುವಾದ ಪ್ರಶ್ನೆಗಳಿಂದ ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ಓದಿದವರೆಲ್ಲ ಬಲ್ಲರು. ಈ ಪರೀಕ್ಷೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯ ಗಂಟು ಅಲ್ಲಿಯೇ ಇದೆ.

ಅನಾಥೆ, ಮನೆಗೆಲಸದವಳು

ಕಾರ್ಮೆಲ್ ಬೆಟ್ಟದಿಂದ ಬಹಳ ದೂರವಿಲ್ಲದ ಗಲಿಲೇಯ ಪ್ರಾಂತದ ಇಬ್ಲೀನ್ ಎಂಬ ಹಳ್ಳಿಯಲ್ಲಿ 1846ರ ಜನವರಿ 5ರಂದು ಮರಿಯಮ್ ಬವಾರ್ದಿ ಹುಟ್ಟಿದಳು. ಆಗ ಅದು ತುರ್ಕರ ಸಾಮ್ರಾಜ್ಯಕ್ಕೆ ಸೇರಿದ ಪ್ರದೇಶ. ಮನೆಮಾತು ಅರಬಿ. ಮತದಿಂದ ಕ್ರೈಸ್ತರು, ಗ್ರೀಕ್ ಸಂಪ್ರದಾಯದಂತೆ ಪೂಜೆ ನಡೆಸುತ್ತಲೇ ರೋಮಿನ ಪೋಪರನ್ನು ಒಪ್ಪಿದ ಮೆಲ್ಕೈಟ್ ಪಂಗಡದವರು. ತಂದೆ ಮದ್ದು ತಯಾರಿಸುವವನು. ಮುಂಬಯಿಯಲ್ಲಿ ನಾವು ಬಾರೂದು ಎಂದು ಕೇಳುತ್ತೇವಲ್ಲ, ಆ ಶಬ್ದವೇ ಅವರ ಮನೆತನದ ಹೆಸರಿನಲ್ಲಿದೆ.

ಮರಿಯಮ್ಮಳಿಗಿಂತ ಮೊದಲು ಆ ತಾಯಿ ಹೆತ್ತ ಹನ್ನೆರಡು ಗಂಡುಮಕ್ಕಳೂ ಎಳವೆಯಲ್ಲಿಯೇ ತೀರಿಕೊಂಡಿದ್ದರು. ದಂಪತಿಗಳು ಬೆತ್ಲೆಹೇಮಿಗೆ ಕಾಲ್ನಡಿಗೆಯಲ್ಲಿ ಹೋಗಿ ಹರಕೆ ಹೊತ್ತು ಬಂದ ಮೇಲೆ ಹುಟ್ಟಿದವಳು ಈಕೆ. ಆಮೇಲೆ ಒಬ್ಬ ತಮ್ಮನೂ ಹುಟ್ಟಿದ. ಆದರೆ ಮಗಳಿಗೆ ಮೂರು ತುಂಬುವ ಮೊದಲೇ ತಂದೆತಾಯಿಗಳಿಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಕಣ್ಣು ಮುಚ್ಚಿದರು. ಹುಡುಗಿ ಸೋದರ ಸಂಬಂಧಿಯೊಬ್ಬನ ಮನೆಗೆ, ತಮ್ಮ ಇನ್ನೊಂದು ಮನೆಗೆ. ಒಡಹುಟ್ಟಿದವರು ಒಟ್ಟಿಗೆ ಬೆಳೆಯಲಿಲ್ಲ.

ಆಕೆ ನೆನಪಿಟ್ಟುಕೊಂಡ ಒಂದು ಪ್ರಸಂಗವಿದೆ. ಯಾರೋ ಕೊಟ್ಟ ಎರಡು ಹಕ್ಕಿಗಳಿಗೆ ಮಗು ಪ್ರೀತಿಯಿಂದ ಸ್ನಾನ ಮಾಡಿಸಿತು, ಹಕ್ಕಿಗಳು ಸತ್ತವು. ಅಳುತ್ತ ಹೂಳುತ್ತಿದ್ದಾಗ, ಎಲ್ಲವೂ ಹೀಗೆಯೇ ಕಳೆದುಹೋಗುತ್ತದೆ, ಹೃದಯವನ್ನು ನನಗೆ ಕೊಟ್ಟರೆ ನಾನು ಉಳಿಯುತ್ತೇನೆ ಎಂಬರ್ಥದ ಧ್ವನಿ ಒಳಗೆ ಕೇಳಿಸಿತಂತೆ.

ಸಾಕಿದವರು ಈಜಿಪ್ತಿನ ಅಲೆಕ್ಸಾಂಡ್ರಿಯಕ್ಕೆ ವಲಸೆ ಹೋದಾಗ ಅವಳೂ ಹೋದಳು. ಹನ್ನೆರಡು-ಹದಿಮೂರರ ವಯಸ್ಸಿಗೆ ಮದುವೆ ಗೊತ್ತುಮಾಡಿದರು. ಅವಳು ಒಪ್ಪಲಿಲ್ಲ, ತಲೆಗೂದಲು ಕತ್ತರಿಸಿಕೊಂಡಳು. ಶಿಕ್ಷೆಯಾಗಿ ಮನೆಯ ಆಳುಗಳ ಜತೆಗೆ ಅಡುಗೆಮನೆಯ ಕೆಲಸಕ್ಕೆ ಹಾಕಿದರು. ತಮ್ಮನಿಗೆ ಓಲೆ ಕಳಿಸಬೇಕೆಂದು ಪರಿಚಯದ ಒಬ್ಬ ಆಳಿನ ಬಳಿ ಗುಟ್ಟಾಗಿ ಹೋದಳು. ಅಲ್ಲಿ ಮತದ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಅವನು ಸಿಟ್ಟಿನಲ್ಲಿ ಕತ್ತಿಯಿಂದ ಅವಳ ಕೊರಳನ್ನು ಕೊಯ್ದು ಸತ್ತಳೆಂದು ಬೀದಿಯಲ್ಲಿ ಬಿಟ್ಟ. ಅದು 1858ರ ಸೆಪ್ಟೆಂಬರ್ 7. ನೀಲಿ ಬಟ್ಟೆಯ ಒಬ್ಬ ಸನ್ಯಾಸಿನಿ ಗುಹೆಯೊಂದರಲ್ಲಿ ತನ್ನನ್ನು ಉಪಚರಿಸಿ ಬದುಕಿಸಿದಳೆಂದು ಆಕೆ ಆಮೇಲೆ ಹೇಳುತ್ತಿದ್ದಳು. ಕೊರಳಿನ ಗಾಯದ ಗುರುತೂ ಒಡೆದ ಸ್ವರವೂ ಜೀವಮಾನವಿಡೀ ಉಳಿದವು.

ಅಲ್ಲಿಂದ ಮುಂದೆ ಆಕೆಯದು ಮನೆಗೆಲಸದವಳ ಬಾಳು. ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೇರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್. ಊರಿಂದೂರಿಗೆ, ಮನೆಯಿಂದ ಮನೆಗೆ. ಓದುಬರಹ ಇಲ್ಲವೆನ್ನುವಷ್ಟು ಕಡಿಮೆ; ಫ್ರೆಂಚ್ ಭಾಷೆ ತೊದಲು. ನಮ್ಮ ಊರುಗಳಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಹೊಟೇಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರ ನೆನಪು ಈ ಭಾಗ ಓದುವಾಗ ನನಗೆ ಬಾರದಿರಲಿಲ್ಲ.

1865ರಲ್ಲಿ ಮಾರ್ಸೇಲ್ಸಿನ ಒಂದು ಸನ್ಯಾಸಿನಿ ಸಂಘವನ್ನು ಸೇರಿದಳು. ಎರಡು ವರ್ಷ ನೋಡಿ, ಈಕೆಯ ವಿಚಿತ್ರ ಅನುಭವಗಳು ನಮ್ಮ ಸಂಘಕ್ಕೆ ಹೊಂದುವುದಿಲ್ಲವೆಂದು ಅವರು ಸೇರಿಸಿಕೊಳ್ಳಲಿಲ್ಲ. ಆಗ ಕೈಹಿಡಿದವರು ಅದೇ ಸಂಘದಲ್ಲಿದ್ದ ವೆರೋನಿಕಾ ಎಂಬ ಆಂಗ್ಲ ಸನ್ಯಾಸಿನಿ. ಇವರು ಇಂಗ್ಲೆಂಡಿನ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗಳಾಗಿ 1823ರಲ್ಲಿ ಕಾನ್ಸ್ಟಾಂಟಿನೋಪಲಿನಲ್ಲಿ ಹುಟ್ಟಿ ಮುಂದೆ ಕ್ಯಾಥೊಲಿಕ್ ಆದವರು. ಕಲ್ಲಿಕೋಟೆಯಲ್ಲಿ ಕೆಲಸ ಮಾಡಿ ನಮ್ಮ ಕರಾವಳಿಯನ್ನು ಕಂಡಿದ್ದವರು. 1867ರಲ್ಲಿ ಅವರು ಮರಿಯಮ್ಮಳನ್ನು ಜತೆಗೆ ಕರೆದುಕೊಂಡು ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಅಲ್ಲಿ ಆಕೆಗೆ ಶಿಲುಬೆಗೇರಿದ ಯೇಸುವಿನ ಮರಿಯ ಎಂಬ ಹೆಸರಾಯಿತು. ಎಲ್ಲರ ಬಾಯಲ್ಲಿ ಮಾತ್ರ 'ಪುಟ್ಟ ಅರಬಿ'.

ಮಂಗಳೂರಿಗೆ

ಆಗ ಮಂಗಳೂರಿನ ಕ್ಯಾಥೊಲಿಕ್ ಸಭೆಯ ಹೊಣೆ ಕಾರ್ಮೆಲ್ ಸಂಘದ ಗುರುಗಳದು. ಬಿಷಪ್ ಮರಿ ಎಫ್ರೆಮ್ ಫ್ರಾನ್ಸಿನವರು. ತಮ್ಮ ಊರಿನಲ್ಲಿ ಎರಡು ಬಗೆಯ ಸನ್ಯಾಸಿನಿಯರು ಬೇಕೆಂದು ಅವರ ಆಸೆ: ಒಳಗಿದ್ದು ಪ್ರಾರ್ಥಿಸುವವರು ಕೆಲವರು, ಹೊರಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳುವವರು ಕೆಲವರು. ಎರಡನೆಯ ಬಗೆಯವರಿಗಾಗಿ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಎಂಬ ಸಂಘವನ್ನು ಕಟ್ಟಿದರು.

1870ರ ಆಗಸ್ಟಿನಲ್ಲಿ ಎರಡೂ ಸಂಘದ ಸೋದರಿಯರು ಹಡಗು ಹತ್ತಿದರು. ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿದ್ದ ಕಾಲ. ಸೂಯೆಜ್ ಕಾಲುವೆ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಕಾರ್ಮೆಲ್ ಮಠದಿಂದ ಹೊರಟವರಲ್ಲಿ ಮೂವರು ಮಂಗಳೂರನ್ನು ಕಾಣುವ ಮೊದಲೇ ತೀರಿಕೊಂಡರು. ಉಳಿದವರು 1870ರ ನವೆಂಬರ್ 19ರಂದು ಊರು ಮುಟ್ಟಿದಾಗ ಹೊರಟು ಸುಮಾರು ಮೂರು ತಿಂಗಳಾಗಿತ್ತು. ಮತ್ಸ್ಯಗಂಧಾ ಗಾಡಿಯಲ್ಲಿ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿ ಬೆಳಿಗ್ಗೆ ಮಂಗಳೂರಿನಲ್ಲಿಳಿಯುವ ನಾವು, ಬೋಗಿಯಲ್ಲಿ ನೀರಿಲ್ಲವೆಂದು ಗೊಣಗುತ್ತೇವೆ!

ಮರಿಯಮ್ಮ ಮಠದಲ್ಲಿ ಸೇವಾಸೋದರಿ. ಅಡುಗೆ, ಒಗೆತ, ಗುಡಿಸುವುದು ಇಂಥ ಕೆಲಸ ಅವಳ ಪಾಲಿನದು. ಲತೀನ್ ಪ್ರಾರ್ಥನೆಗಳನ್ನು ಓದಿ ಹಾಡುವಷ್ಟು ವಿದ್ಯೆ ಇರಲಿಲ್ಲ. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಆಕೆ ಜೀವಾವಧಿಯ ವ್ರತ ತೊಟ್ಟಳು. ವಯಸ್ಸು 25.

ಪರೀಕ್ಷೆ

ಇಲ್ಲಿಯ ತನಕ ಬಂದ ಓದುಗರು ಕೇಳಬಹುದು: ವಿಚಿತ್ರ ಅನುಭವಗಳೆಂದರೆ ಏನು? ಆಕೆ ಪ್ರಾರ್ಥನೆಯ ನಡುವೆ, ಕೆಲಸದ ನಡುವೆ ಮೈಮರೆಯುತ್ತಿದ್ದಳು. ಶಿಲುಬೆಯ ಮೇಲೆ ಯೇಸುವಿಗಾದ ಗಾಯಗಳು ಅವಳ ಕೈಕಾಲುಗಳಲ್ಲಿ ಮೂಡಿ ರಕ್ತ ಬರುತ್ತಿತ್ತು. ಓದುಬಾರದ ಆ ಬಾಯಿಂದ ಆ ಹೊತ್ತಿನಲ್ಲಿ ಕವಿತೆಯಂಥ ಮಾತುಗಳು ಹೊರಡುತ್ತಿದ್ದವು, ಸೋದರಿಯರು ಬರೆದುಕೊಳ್ಳುತ್ತಿದ್ದರು. ಪೋ ಮಠದ ತೋಟದ ಮರದ ತುದಿಗೆ ಏರಿ ನಿಂತದ್ದನ್ನು ಕಂಡೆವೆಂದು ಅಲ್ಲಿಯವರು ದಾಖಲಿಸಿದ್ದಾರೆ.

ನಾನು ನ್ಯೂಟನ್ನನ ನಿಯಮ ಓದಿ ಪದವಿ ಪಡೆದವನು. ಇಂದಿನ ವೈದ್ಯರು ನೋಡಿದ್ದರೆ ಇವಕ್ಕೆ ಬೇರೆ ಹೆಸರು ಇಡುತ್ತಿದ್ದರೇನೋ. ಕಚೇರಿಯ ರೂಢಿಯಂತೆ ನಾನು ಈ ಕಡತವನ್ನು ಮೂರು ಭಾಗ ಮಾಡಿದೆ. ಊರು, ತಾರೀಖು, ಮಠದ ದಾಖಲೆ ಒಂದು. ಕಂಡವರ ಹೇಳಿಕೆ ಎರಡನೆಯದು. ಆಕೆಯೇ ಹೇಳಿದ್ದು ಮೂರನೆಯದು. ಮೊದಲನೆಯದನ್ನು ನಂಬಲು ಅಡ್ಡಿಯಿಲ್ಲ. ಉಳಿದೆರಡರ ಬಗ್ಗೆ ಒಂದೇ ಮಾತು ಹೇಳಬಲ್ಲೆ: ಹೇಳಿದವರಾರೂ ಲಾಭಕ್ಕಾಗಿ ಹೇಳಿದವರಲ್ಲ. ಸ್ವತಃ ಆಕೆಗೆ ಇದರಿಂದ ನಾಚಿಕೆಯೇ ಹೊರತು ಹೆಮ್ಮೆಯಿರಲಿಲ್ಲ. ತನ್ನನ್ನು ಏನೂ ಅಲ್ಲದವಳೆಂದೇ ಕರೆದುಕೊಳ್ಳುತ್ತಿದ್ದಳು.

ಮಂಗಳೂರಿನಲ್ಲಿ ವ್ರತವಾದ ಮೇಲೆ ಸಂಶಯ ಬೆಳೆಯಿತು. ಇದು ದೇವರ ಕೃಪೆಯೋ, ಕಲ್ಪನೆಯೋ, ದುಷ್ಟಶಕ್ತಿಯ ಆಟವೋ? ಮೊದಲು ಆದರಿಸಿದ ಬಿಷಪರೇ ಅನುಮಾನಕ್ಕೆ ಬಿದ್ದರು. ಮಠದೊಳಗೂ ಒಡಕು. ಕೊನೆಗೆ 1872ರಲ್ಲಿ, ವ್ರತ ತೊಟ್ಟು ವರ್ಷ ತುಂಬುವ ಮೊದಲೇ, ಆಕೆಯನ್ನು ಪೋ ಮಠಕ್ಕೆ ಹಿಂದೆ ಕಳಿಸಿದರು. ಎರಡು ವರ್ಷ ಕೂಡ ಮಂಗಳೂರಿನ ಅನ್ನ ನೀರು ಅವಳಿಗೆ ದಕ್ಕಲಿಲ್ಲ. ಬಿಷಪರು ಮರುವರ್ಷವೇ ತೀರಿಕೊಂಡರು.

ಅವರನ್ನು ದೂಷಿಸುವುದು ಸುಲಭ. ಆದರೆ ಪರದೇಶ, ಹೊಸ ಮಠ, ದಾರಿಯಲ್ಲಿಯೇ ಮೂವರ ಸಾವು, ಸುತ್ತಲೂ ನೋಡುವ ಜನ. ಇಂಥಲ್ಲಿ ಒಬ್ಬಳು ಹೀಗಾದರೆ ಹೊಣೆ ಹೊತ್ತವರು ಏನು ಮಾಡಬೇಕು? ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ನಾನು ಎಂಟು ವರ್ಷದವನಿದ್ದಾಗ ನಮ್ಮ ಚಾಳಿನ ಒಂದೇ ಕೋಣೆಯ ಮನೆಗೆ ಊರಿನಿಂದ ದೊಡ್ಡಮ್ಮ ಬಂದಿದ್ದರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಸಂಜೆ ದೀಪ ಹಚ್ಚಿ ಭಜನೆ ಹೇಳುತ್ತ ಹೇಳುತ್ತ ಮೈಮರೆತುಬಿಡುತ್ತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ಏನೇನೋ ತುಳು ಮಾತು. ನೆರೆಯವರು ಬಾಗಿಲಲ್ಲಿ ಗುಂಪುಗೂಡತೊಡಗಿದರು. ಒಬ್ಬರು ಕೈಮುಗಿದರೆ ಇನ್ನೊಬ್ಬರು ಹುಚ್ಚೆಂದರು. ತಂದೆಯವರು ಮರ್ಯಾದೆಗೆ ಅಂಜಿ, ಮಳೆಗಾಲಕ್ಕೆ ಮೊದಲೇ ಅವರನ್ನು ಊರಿನ ಬಸ್ಸು ಹತ್ತಿಸಿದರು. ನನ್ನ ತಂದೆ ಕೆಟ್ಟವರಲ್ಲ. ಆದರೆ 'ಅಕ್ಕ, ನಿಮಗೆ ಏನು ಕಾಣುತ್ತದೆ?' ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಅಲ್ಲಮನು ಅಕ್ಕನನ್ನು ಪರೀಕ್ಷಿಸಿದ. ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದ. ಉತ್ತರ ಬಂದಾಗ ತಲೆಬಾಗಿದ. ಪರೀಕ್ಷೆಗೂ ತೀರ್ಪಿಗೂ ಇರುವ ಅಂತರ ಇದೇ. ಅಂಜಿಕೆಯಿಂದ ಹುಟ್ಟಿದ ತೀರ್ಪು ಉತ್ತರಕ್ಕಾಗಿ ಕಾಯುವುದಿಲ್ಲ. ಮಂಗಳೂರಿನಲ್ಲಿ ಆದದ್ದು ಅದು. ನಮ್ಮ ಚಾಳಿನಲ್ಲಿ ಆದದ್ದೂ ಅದೇ.

ಬೆತ್ಲೆಹೇಮಿನ ಕಟ್ಟಡ

ಮರಿಯಮ್ಮ ಉತ್ತರ ಕೊಟ್ಟದ್ದು ಮಾತಿನಿಂದಲ್ಲ, ಕೆಲಸದಿಂದ. ಪೋ ಮಠದಲ್ಲಿ ಮತ್ತೆ ಅದೇ ಅಡುಗೆ, ಅದೇ ಒಗೆತ. ಮೂರು ವರ್ಷದ ಬಳಿಕ, 1875ರಲ್ಲಿ, ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ತಂಡದಲ್ಲಿ ಆಕೆಯಿದ್ದಳು. ಪೋ ಪಟ್ಟಣದ ಬೆರ್ತ್ ದಾರ್ತಿಗೋ ಎಂಬ ಮಹಿಳೆ ಹಣ ಒದಗಿಸಿದರು. ತಂಡದಲ್ಲಿ ಅರಬಿ ಬಲ್ಲವಳು ಈಕೆ. ಹೀಗಾಗಿ ಅಕ್ಷರ ಬಾರದ ಸೇವಾಸೋದರಿಯೇ ಮೇಸ್ತ್ರಿಗಳಿಗೂ ಕೂಲಿಗಳಿಗೂ ಕೆಲಸ ಹೇಳುವ ಮೇಲ್ವಿಚಾರಕಿಯಾದಳು. ತಂದೆತಾಯಿಗಳು ಹರಕೆ ಹೊತ್ತ ಊರಿನಲ್ಲಿಯೇ ಮಗಳು ಮಠ ಕಟ್ಟಿಸಿದಳು.

1878ರ ಆಗಸ್ಟಿನ ಬಿಸಿಲಿನಲ್ಲಿ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುತ್ತಿದ್ದಾಗ ಬಿದ್ದು ಕೈ ಮುರಿಯಿತು. ಗಾಯ ಕೊಳೆತು ವಿಷವೇರಿತು. ಆಗಸ್ಟ್ 26ರಂದು ಪ್ರಾಣ ಹೋಯಿತು. ವಯಸ್ಸು 32. ಪವಾಡಗಳ ಬಗ್ಗೆ ಓದುಗರು ಏನಾದರೂ ತಿಳಿಯಲಿ. ಕೂಲಿಯವರಿಗೆ ನೀರು ಹೊತ್ತು ಬಿದ್ದ ಆ ಸಾವಿನ ಬಗ್ಗೆ ಎರಡು ಮಾತಿಲ್ಲ.

ಪೋಪ್ ಎರಡನೆಯ ಜಾನ್ ಪಾಲರು 1983ರ ನವೆಂಬರ್ 13ರಂದು ಆಕೆಯನ್ನು ಪುನೀತಳೆಂದೂ, ಪೋಪ್ ಫ್ರಾನ್ಸಿಸರು 2015ರ ಮೇ 17ರಂದು ಸಂತಳೆಂದೂ ಘೋಷಿಸಿದರು. ಅದೇ ದಿನ ಪ್ಯಾಲೆಸ್ತೀನಿನ ಇನ್ನೊಬ್ಬ ಸನ್ಯಾಸಿನಿ ಮರಿ ಅಲ್ಫೊನ್ಸಿನ್ ಕೂಡ ಸಂತಪದವಿ ಪಡೆದರು. ಮಂಗಳೂರಿನಿಂದ ಅನುಮಾನದಲ್ಲಿ ಹೊರಟು 143 ವರ್ಷಗಳ ಮೇಲೆ ಬಂದ ತೀರ್ಪು ಇದು.

ಉಳಿದದ್ದು

ಮಂಗಳೂರಿನ ಆವೃತ ಕಾರ್ಮೆಲ್ ಮಠ ಇಂದಿಗೂ ಇದೆ. ಆಕೆ ವ್ರತ ತೊಟ್ಟ ಸಂಗತಿ ಈಗ ಆ ಊರಿನ ಕ್ರೈಸ್ತರಿಗೆ ಹೆಮ್ಮೆಯ ವಿಷಯ. ಆಕೆಯೊಡನೆ ಅದೇ ಕಾಲಕ್ಕೆ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಸೋದರಿಯರ ಕಥೆ ಇನ್ನೂ ಬೆಳೆಯಿತು. ಸಂತ ಆ್ಯನ್ಸ್ ಕಾನ್ವೆಂಟಿನಿಂದ ಆರಂಭವಾಗಿ, 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜಿನವರೆಗೆ ಹೋಯಿತು. ಹೆಣ್ಣುಮಕ್ಕಳಿಗೆ ಕಾಲೇಜು ಏಕೆ ಎನ್ನುತ್ತಿದ್ದ ಕಾಲದಲ್ಲಿ ದಕ್ಷಿಣ ಕನ್ನಡದ ಎಲ್ಲ ಮತದ ಹುಡುಗಿಯರೂ ಅಲ್ಲಿ ಓದಿದರು. ಇದೇ ಸೋದರಿಯರ ಶಾಲೆ ನಮ್ಮ ಬಾಂದ್ರಾದಲ್ಲಿಯೂ ಇದೆ. ವೆರೋನಿಕಾ ಮಾತೆ 1906ರಲ್ಲಿ ಪೋ ಮಠದಲ್ಲಿ ತೀರಿಕೊಂಡರು. ಮಾರ್ಸೇಲ್ಸಿನಲ್ಲಿ ಯಾರಿಗೂ ಬೇಡವಾದ ಅರಬಿ ಹುಡುಗಿಯ ಕೈಹಿಡಿದವರೂ, ನಮ್ಮೂರ ಹುಡುಗಿಯರ ಕೈಗೆ ಪುಸ್ತಕ ಬಂದ ದಾರಿ ತೆರೆದವರೂ ಒಬ್ಬರೇ ಎಂಬುದು ನೆನೆಯತಕ್ಕ ಮಾತು.

ಕಳೆದ ಸಲ ರಜೆಯಲ್ಲಿ ಕುಟುಂಬದೊಡನೆ ಮಂಗಳೂರಿಗೆ ಹೋಗಿದ್ದಾಗ ಆ ಮಠದ ಗೋಡೆಯ ಹೊರಗೆ ಸ್ವಲ್ಪ ಹೊತ್ತು ನಿಂತೆವು. ಒಳಗೆ ಹೋಗುವ ಮಾತಿಲ್ಲವಷ್ಟೆ. ಕಥೆಯನ್ನು ಕೇಳಿದ ನನ್ನ ಹೆಂಡತಿ, "ಪಾಪ, ಆಕೆಯೂ ನಮ್ಮ ಹಾಗೆ ಊರು ಬಿಟ್ಟವಳೇ" ಎಂದಳು. ಅಲ್ಲಿಂದ ನಾವು ದೊಡ್ಡಮ್ಮನ ಊರಿಗೆ ಹೋದೆವು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರು ಹಚ್ಚುತ್ತಿದ್ದ ಕಾಲುದೀಪ ಈಗಲೂ ದೇವರ ಕೋಣೆಯಲ್ಲಿದೆ. ಅವರಿಗೆ ಏನು ಕಾಣುತ್ತಿತ್ತೆಂದು ಹೇಳಲು ಯಾರೂ ಉಳಿದಿಲ್ಲ. ಬರೆದುಕೊಂಡವರೂ ಯಾರೂ ಇರಲಿಲ್ಲ.

ನಮ್ಮ ಮನೆಗಳಲ್ಲಿ, ನಮ್ಮ ಕಟ್ಟಡಗಳಲ್ಲಿ ಇಂಥವರು ಇನ್ನೂ ಇರಬಹುದು. ಅವರು ಸಂತರೋ, ರೋಗಿಗಳೋ ನಾವು ಹೇಳಲಾರೆವು. ರೋಗವಿದ್ದರೆ ವೈದ್ಯರಿದ್ದಾರೆ, ಕರೆದೊಯ್ಯೋಣ. ಆದರೆ ಬಸ್ಸು ಹತ್ತಿಸುವ ಮೊದಲು ಅವರ ಬಳಿ ಕುಳಿತು ಒಂದು ಮಾತು ಕೇಳೋಣ.